ಸೋದರಮಾವನ ತೊಡೆ

ನಮ್ಮ ತೋಟದ ಪಂಪ್‌ಹೌಸಿನಲ್ಲಿ ನಾನು ಹೆಚ್ಚೂಕಡಿಮೆ ಒಂದು ವರ್ಷ ಒಬ್ಬನೇ ಸಂಸಾರ ಮಾಡಿದ್ದೇನೆ. ಒಂದು ಮಂಚ, ಒಂದು ತಟ್ಟೆ, ಒಂದು ಲೋಟ, ಒಂದು ಚೊಂಬು, ಮೂಲೆಯಲ್ಲಿ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆ. ಕರೆಂಟು ಬಂದರೆ ಮೋಟಾರಿನ ಸದ್ದು, ಹೋದರೆ ಇಲಿಗಳ ಸದ್ದು. ಮನೆ ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರ. ಗಾಳಿ ಈ ಕಡೆ ತಿರುಗಿದರೆ ಹೆಂಡತಿ ಹಾಕಿದ ಒಗ್ಗರಣೆ ನನ್ನ ಮೂಗಿಗೇ ಬರುತ್ತಿತ್ತು. ಯಾರೂ ನನ್ನನ್ನು ಅಲ್ಲಿಗೆ ಅಟ್ಟಿರಲಿಲ್ಲ, ನಾನೇ ಹೋಗಿ ಕೂತಿದ್ದೆ. ಎಚ್.ಐ.ವಿ. ಬಂದವನು ಹೀಗೇ ಇರಬೇಕು ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡಿದ್ದೆ. ಈಗ ನೆನೆದರೆ ನಗು ಬರುತ್ತದೆ, ಜೊತೆಗೆ ನನ್ನ ಕಪಾಳಕ್ಕೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಇದನ್ನೆಲ್ಲ ಬರೆಯಬೇಕು ಅನ್ನಿಸಿದ್ದು ಹೋದ ಸಲ ಮಾತ್ರೆ ತರಲು ಹೋದಾಗ. ಚಿಕಿತ್ಸಾ ಕೇಂದ್ರದ ಬೆಂಚಿನ ತುದಿಯಲ್ಲಿ ಒಬ್ಬರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು. ಪಕ್ಕದಲ್ಲಿ ಜಾಗವಿದ್ದರೂ ಅವರ ಹೆಂಡತಿ ನಿಂತೇ ಇದ್ದರು. ಆಕೆ ಕೂರಲು ಬಂದಾಗಲೆಲ್ಲ ಆತ ಕೈಸನ್ನೆಯಲ್ಲೇ ದೂರ ತಳ್ಳುತ್ತಿದ್ದರು. ಕನ್ನಡಿ ನೋಡಿದ ಹಾಗಾಯಿತು ನನಗೆ. ಮಾತಾಡಿಸೋಣ ಎಂದು ಎದ್ದೆ, ಅಷ್ಟರಲ್ಲಿ ಅವರ ಹೆಸರು ಕೂಗಿದರು. ಅವರಿಗೆ ಹೇಳಬೇಕೆಂದುಕೊಂಡಿದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಹೆಸರುಗಳನ್ನೆಲ್ಲ ಬದಲಾಯಿಸಿದ್ದೇನೆ. ನಾನು ನೊಣವಿನಕೆರೆ ಕಡೆಯ ತೆಂಗಿನ ತೋಟದವನು ಎಂದಷ್ಟು ತಿಳಿದರೆ ಸಾಕು. ಆ ಕಡೆ ತೋಟ ಇಲ್ಲದವರು ಯಾರಿದ್ದಾರೆ, ಬೇಕಾದವರು ಹುಡುಕಿಕೊಳ್ಳಲಿ.

ಮೊದಲು ಕೈಕೊಟ್ಟಿದ್ದು ಕಾಲು. ನಮ್ಮಲ್ಲಿ ಕೊಬ್ಬರಿ ಆಗಲು ಕಾಯನ್ನು ಅಟ್ಟದ ಮೇಲೆ ವರ್ಷದ ಹತ್ತಿರ ಇಡುತ್ತೇವೆ. ಒಳಗಿನ ನೀರು ಆರಿ ಕೊಬ್ಬರಿ ಚಿಪ್ಪು ಬಿಟ್ಟುಕೊಂಡು ಗಡಗಡ ಅಲ್ಲಾಡಬೇಕು. ಅದನ್ನು ನೋಡಲು ವಾರಕ್ಕೊಮ್ಮೆಯಾದರೂ ಏಣಿ ಹತ್ತುವುದು ನನ್ನ ಅಭ್ಯಾಸ. ಆ ವರ್ಷ ಅರ್ಧ ಏಣಿಗೆ ನಿಂತುಬಿಡುತ್ತಿದ್ದೆ, ಮೇಲಕ್ಕೂ ಇಲ್ಲ ಕೆಳಕ್ಕೂ ಇಲ್ಲ. ಬಂದ ಜ್ವರ ಬಿಡುತ್ತಿರಲಿಲ್ಲ. ಉಟ್ಟ ಪಂಚೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಉಷ್ಣ ಎಂದು ಎಲ್ಲರೂ ಎಳನೀರು ಕುಡಿಸಿದರು. ತೆಂಗಿನ ಸೀಮೆಯಲ್ಲಿ ಹುಟ್ಟಿದವನಿಗೆ ಎಳನೀರಿನಿಂದ ವಾಸಿಯಾಗದ ಕಾಯಿಲೆ ಇದೆ ಎಂದು ನಂಬಿಸುವುದು ಕಷ್ಟ.

ಆಮೇಲೆ ಸೊಂಟದ ಸುತ್ತ ಬೆಂಕಿ ಇಟ್ಟ ಹಾಗೆ ಗುಳ್ಳೆ ಎದ್ದವು. ಪಕ್ಕದ ತೋಟದ ರುದ್ರಣ್ಣ ಅಂಗಿ ಎತ್ತಿಸಿ ನೋಡಿ, “ಸರ್ಪಸುತ್ತು ಕಣ್ಲಾ ಇದು. ತಲೆ ಬಾಲ ಒಂದಾದ್ರೆ ಕಷ್ಟ, ನಡಿ ನಡಿ” ಎಂದು ಬೈಕಿನಲ್ಲಿ ಕೂರಿಸಿಕೊಂಡು ಬಿಳಿಗೆರೆ ಹತ್ತಿರದ ಒಬ್ಬ ಮುದುಕರ ಹತ್ತಿರ ಕರೆದುಕೊಂಡು ಹೋದ. ಅವರು ಕೆಮ್ಮಣ್ಣು ಬಳಿದು ಏನೋ ಗುನುಗಿ ಕಳಿಸಿದರು. ಗುಳ್ಳೆ ಒಣಗಿದವು, ಉರಿ ಹೋಗಲಿಲ್ಲ. ಬಾಯೊಳಗೆ ಬೆಳ್ಳಗೆ ಅಗ್ರ ಕಟ್ಟಿತು. ಮುದ್ದೆ ನುಂಗಲಾರದೆ ತಟ್ಟೆಯ ಮುಂದೆ ಕೂತು ನಾನು ಅತ್ತ ದಿನ, ನನ್ನ ಹೆಂಡತಿ ಸುಧಾ ಅಂಗಿ ತಂದು ಮಡಿಲಿಗೆ ಎಸೆದಳು. “ಕೆಮ್ಮಣ್ಣು ಸಾಕು, ಎದ್ದೇಳಿ ತಿಪಟೂರಿಗೆ” ಎಂದಳು.

ಅಲ್ಲಿಯ ಡಾಕ್ಟರಮ್ಮ ನನ್ನ ಬಾಯಿ ನೋಡಿದರು, ಸೊಂಟದ ಕಲೆ ನೋಡಿದರು, ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ರಕ್ತಪರೀಕ್ಷೆ ಮಾಡಿಸಿಕೊಂಡು ಬನ್ನಿ, ದುಡ್ಡಿಲ್ಲ, ಗುಟ್ಟಾಗಿ ಇಡುತ್ತಾರೆ ಎಂದರು. ಪರೀಕ್ಷೆ ಗುಟ್ಟಿನದು ನಿಜ, ಆದರೆ ಕಾಯುವ ಬೆಂಚು ಎಲ್ಲರೂ ಓಡಾಡುವ ಕಾರಿಡಾರಿನಲ್ಲಿತ್ತು. ನಾನು ತಲೆ ತಗ್ಗಿಸಿ ಕೂತಿದ್ದಾಗ ಯಾರೋ ಬಂದು ಪಕ್ಕದಲ್ಲಿ ಕೂತರು. ನೋಡಿದರೆ ಕೊಬ್ಬರಿ ಮಾರ್ಕೆಟ್ಟಿನಲ್ಲಿ ಮೂಟೆ ತೂಗುವ ಚಂದ್ರು.

“ಏನಣ್ಣ ಇಲ್ಲಿ?” ಎಂದ.

“ಬಿ.ಪಿ. ತೋರ್ಸಕ್ಕೆ ಬಂದೆ ಕಣಪ್ಪ. ನೀನು?”

“ನಂದೂ ಬಿ.ಪಿ.ನೇ ಅಣ್ಣ.”

ಇಬ್ಬರೂ ಎದುರಿನ ಬಾಗಿಲಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದ್ದನ್ನು ಓದದವರ ಹಾಗೆ ಕೂತೆವು. ಆ ಸುಳ್ಳಿಗೆ ನಾನು ಇವತ್ತಿಗೂ ಋಣಿ. ಒಬ್ಬನೇ ಕೂತಿದ್ದರೆ ಎದ್ದು ಓಡಿಬಿಡುತ್ತಿದ್ದೆ.

ಒಳಗೆ ಕೂತಿದ್ದ ಆಪ್ತ ಸಲಹೆಗಾರರು ಸಣ್ಣ ವಯಸ್ಸಿನ ಹೆಣ್ಣುಮಗಳು. ಎಲ್ಲರೂ ಮೇಡಂ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಅವರು ವಿಷಯವನ್ನು ಸುತ್ತಿ ಬಳಸಿ ಹೇಳಲಿಲ್ಲ. “ಎಚ್.ಐ.ವಿ. ಇದೆ. ಇದಕ್ಕೆ ಒಳ್ಳೆ ಔಷಧಿ ಇದೆ. ನೀವು ಬದುಕ್ತೀರ” ಎಂದು ಮೂರೂ ಮಾತನ್ನು ಒಂದೇ ಉಸಿರಿನಲ್ಲಿ ಹೇಳಿದರು. ನನಗೆ ಕೇಳಿಸಿದ್ದು ಮೊದಲನೆಯದು ಮಾತ್ರ.

ಆಮೇಲೆ ನೀರು ಕೊಟ್ಟು ಬಿಡಿಸಿ ಹೇಳಿದರು. “ನಮ್ಮ ರಕ್ತದಲ್ಲಿ ಕಾವಲು ಕಾಯೋ ಕಣಗಳಿರ್ತವೆ. ಬೇರೆ ರೋಗಾಣು ಬಂದ್ರೆ ಹಿಡಿದು ಬಡಿಯೋದು ಅವುಗಳ ಕೆಲಸ. ಈ ವೈರಸ್ಸು ಆ ಕಾವಲಿನವರ ಒಳಗೇ ಸೇರ್ಕೊಳುತ್ತೆ. ಅವರಿಂದಲೇ ತನ್ನ ಸಂತಾನ ಬೆಳೆಸಿಕೊಂಡು ಕೊನೆಗೆ ಅವರನ್ನೇ ಮುಗಿಸುತ್ತೆ. ವರ್ಷಗಟ್ಟಲೆ ಹೊರಗೆ ಏನೂ ಕಾಣಲ್ಲ. ಕಾವಲು ತೀರಾ ಕಮ್ಮಿ ಆದಾಗ ಸರ್ಪಸುತ್ತು, ಬಾಯಿ ಅಗ್ರ, ಟಿ.ಬಿ. ಎಲ್ಲ ನುಗ್ತವೆ. ನಿಮಗೆ ಎರಡು ನುಗ್ಗಿವೆ, ಮೂರನೇದು ಬರೋಕೆ ಮುಂಚೆ ಬಂದಿದ್ದೀರ.” ನನಗೆ ಕೂಡಲೇ ತೆಂಗಿನ ಕೆಂಪುಮೂತಿ ಹುಳು ನೆನಪಾಯಿತು. ಅದೂ ಹಾಗೇ, ಕಾಂಡದೊಳಗೆ ಕೂತು ತಿನ್ನುತ್ತಿರುತ್ತದೆ, ಮರ ಮೇಲೆ ಹಸಿರಾಗಿಯೇ ನಿಂತಿರುತ್ತದೆ. ಸುಳಿ ಬಾಡಿದಾಗಲೇ ನಮಗೆ ಗೊತ್ತಾಗುವುದು.

ಎಲ್ಲಿಂದ ಬಂತು ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಕೇಳುವ ಹಕ್ಕಿದ್ದವಳು ಒಬ್ಬಳು, ಅವಳಿಗೆ ಹೇಳಿದ್ದೇನೆ. ಅದರ ಬಿಸಿ ಇನ್ನೂ ಪೂರ್ತಿ ಆರಿಲ್ಲ, ಆರಬೇಕೆಂದು ನಾನು ಕೇಳುವ ಹಾಗೂ ಇಲ್ಲ.

ಸುಧಾಳ ಪರೀಕ್ಷೆಯ ದಿನ ಅದೇ ಬೆಂಚಿನ ಮೇಲೆ ಕಾದೆನಲ್ಲ, ಅದರ ಮುಂದೆ ನನ್ನ ಪರೀಕ್ಷೆ ಏನೂ ಅಲ್ಲ. ಅವಳು ಬಾಗಿಲಿನಿಂದ ಹೊರಗೆ ಬಂದು “ಇಲ್ಲವಂತೆ” ಎಂದಳು. ಕೆಲವು ತಿಂಗಳ ಮೇಲೆ ಇನ್ನೊಮ್ಮೆ ನೋಡಿದರು, ಆಗಲೂ ಇಲ್ಲ. ನಾನು ಆ ಕಾರಿಡಾರಿನಲ್ಲಿ ಮಗುವಿನ ಹಾಗೆ ಅತ್ತೆ. “ಅತ್ತಿದ್ದು ಸಾಕು, ಬಸ್ ಹೋಗುತ್ತೆ” ಎಂದು ತೋಳು ಹಿಡಿದು ಎಬ್ಬಿಸಿದಳು.

ಇನ್ನು ನನ್ನ ಘನಂದಾರಿ ಕೆಲಸದ ವಿಷಯ. ಅದೇ ದಿನಗಳಲ್ಲಿ ನಮ್ಮ ತೋಟದ ಒಂದು ಮರಕ್ಕೆ ಅಣಬೆ ರೋಗ ತಗುಲಿತ್ತು. ಬುಡದಲ್ಲಿ ಅಣಬೆ ಏಳುತ್ತದೆ, ಕಾಂಡದಿಂದ ಕೆಂಪಗೆ ರಸ ಸೋರುತ್ತದೆ. ಆ ರೋಗ ಮಣ್ಣಿನೊಳಗೆ ಬೇರಿನಿಂದ ಬೇರಿಗೆ ಹರಡುವುದರಿಂದ ಮರದ ಸುತ್ತ ಆಳವಾಗಿ ಟ್ರೆಂಚು ತೆಗೆದು ಮಿಕ್ಕ ಮರಗಳಿಂದ ಬೇರೆ ಮಾಡಬೇಕು. ನಾನೇ ನಿಂತು ತೆಗೆಸಿದ್ದೆ. ಕಾಯಿಲೆ ಅಂದರೆ ಹೀಗೆ, ಒಂದನ್ನು ಬೇರೆ ಮಾಡಿದರೆ ಹತ್ತು ಉಳಿಯುತ್ತವೆ ಎಂಬುದು ಅಪ್ಪನ ಕಾಲದಿಂದ ನನ್ನ ತಲೆಯಲ್ಲಿ ಕೂತ ಪಾಠ. ಮೇಡಂ ಅಷ್ಟು ತಾಳ್ಮೆಯಿಂದ ಹೇಳಿದ್ದೆಲ್ಲ ಆ ಪಾಠದ ಮುಂದೆ ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಹಾಸಿಗೆ ಸುತ್ತಿಕೊಂಡು ಪಂಪ್‌ಹೌಸಿಗೆ ನಡೆದೆ.

“ಮೇಡಂ ಹೇಳಿದ್ದು ನಿಮ್ ಕಿವಿಗೆ ಬೀಳ್ಲಿಲ್ವಾ? ಒಂದೇ ಮನೇಲಿದ್ರೆ ಏನೂ ಆಗಲ್ಲ ಅಂದ್ರು ಕಣ್ರೀ” ಎಂದು ಸುಧಾ ಹಿಂದೆಯೇ ಬಂದಳು.

“ಅವ್ರಿಗೇನ್ ಗೊತ್ತು ಬುಡು, ಅವ್ರು ತೋಟ ಮಾಡವ್ರಾ?” ಎಂದೆ. ಇದಕ್ಕಿಂತ ದಡ್ಡ ಮಾತನ್ನು ನಾನು ಜನ್ಮದಲ್ಲಿ ಆಡಿಲ್ಲ.

ಊರಿನವರಿಗೆ ಕಾಯಿ ಕಳ್ಳರ ಕಾಟ ಎಂದು ಹೇಳಿದೆ. “ನಿನ್ ತೋಟದ ಕಾಯಿ ಕದ್ದವ್ನು ಮತ್ತೆ ತಂದಿಟ್ಟು ಹೋಗ್ತಾನೆ, ಅದ್ಕೆ ಕಾವಲು ಬೇರೆ” ಎಂದು ರುದ್ರಣ್ಣ ನಕ್ಕ. ಸುಧಾ ಊಟ ತಂದರೆ ತಟ್ಟೆಗೆ ತಾಕದ ಹಾಗೆ ಮೇಲಿಂದ ಬಡಿಸು ಎನ್ನುತ್ತಿದ್ದೆ. ಒಂದು ದಿನ ಅವಳು ನನ್ನ ಲೋಟ ಎತ್ತಿ ಗಟಗಟ ನೀರು ಕುಡಿದು, ಕೆಳಗೆ ಕುಕ್ಕಿ ಹೋದಳು. ನಾನು ಆ ಲೋಟವನ್ನು ಎಸೆದು ಹೊಸದು ತಂದೆ.

ಆದರೆ ಮಾತ್ರೆ ತಪ್ಪಿಸಲಿಲ್ಲ, ಅಷ್ಟು ಬುದ್ಧಿ ಉಳಿದಿತ್ತು. ಮೊದಲ ಕೆಲವು ವಾರ ತಲೆ ತಿರುಗಿತು, ಹೊಟ್ಟೆ ತೊಳೆಸಿತು, ಆಮೇಲೆ ದೇಹ ಒಗ್ಗಿಕೊಂಡಿತು. ಬಾಯಿಯ ಅಗ್ರ ಹೋಯಿತು. ಹಸಿವು ಬಂತು. ಏಣಿ ಹತ್ತಿ ಅಟ್ಟದ ಮೇಲೆ ಕೂತು, ಕೈಗೆ ಸಿಕ್ಕ ಕಾಯಿಯನ್ನೆಲ್ಲ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ ದಿನ ನನಗೆ ಎಷ್ಟು ಖುಷಿಯಾಯಿತೆಂದರೆ, ಕೆಳಗಿಳಿದು ಯಾರಿಗಾದರೂ ಹೇಳಬೇಕು ಅನ್ನಿಸಿತು. ಹೇಳಲು ಪಂಪ್‌ಹೌಸಿನಲ್ಲಿ ಯಾರಿದ್ದರು?

ಕಷ್ಟ ಶುರುವಾಗಿದ್ದು ತಂಗಿಯ ಕಡೆಯಿಂದ. ನನಗೆ ಇರುವವಳು ಒಬ್ಬಳೇ ತಂಗಿ, ಮಂಗಳಾ. ಹುಳಿಯಾರಿನ ಹತ್ತಿರ ಕೆಂಕೆರೆಗೆ ಕೊಟ್ಟಿದ್ದೇವೆ. ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಿಲ್ಲದೆ, ಆಸ್ಪತ್ರೆ, ಹರಕೆ ಎಂದು ಅಲೆದು, ಕೊನೆಗೆ ಒಂದು ಹೆಣ್ಣು ಮಗುವಾಗಿತ್ತು. ನಾವು ಪುಟ್ಟಿ ಎನ್ನುತ್ತೇವೆ. ನಮ್ಮಲ್ಲಿ ಮಗುವಿಗೆ ಕಿವಿ ಚುಚ್ಚಿಸುವುದಾದರೆ ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಚುಚ್ಚಿಸಬೇಕು, ಓಲೆಯೂ ಅವನದೇ. ಬೇರೆ ಯಾರ ತೊಡೆಯೂ ನಡೆಯುವುದಿಲ್ಲ. ಅವಳಿಗೆ ಬೇರೆ ಅಣ್ಣ ತಮ್ಮ ಇಲ್ಲ.

ಸೂಜಿ, ಹಸುಗೂಸಿನ ಕಿವಿ, ಒಂದು ತೊಟ್ಟು ರಕ್ತ, ಅದರ ಕೆಳಗೆ ನಾನು. ಮೊದಲ ಸಲ ಅವಳು ಫೋನು ಮಾಡಿದಾಗ ಕೊಬ್ಬರಿ ಸುಲಿಸುತ್ತಿದ್ದೇನೆ ಎಂದೆ. ಎರಡನೇ ಸಲ ಆಷಾಢ ಎಂದೆ. ಆಮೇಲೆ ಮಂಡಿ ನೋವು. ಆಮೇಲೆ ಫೋನು ಎತ್ತುವುದನ್ನೇ ಬಿಟ್ಟೆ. ಮಗುವಿನ ವರ್ಷ ತುಂಬಿತು, ಅದು ನಡೆಯತೊಡಗಿತು, ಕಿವಿ ಹಾಗೇ ಇತ್ತು.

ಒಂದು ದಿನ ಮಧ್ಯಾಹ್ನ ಮಂಗಳಾ ಹೇಳದೆ ಕೇಳದೆ ಮಗುವನ್ನು ಎತ್ತಿಕೊಂಡು ಪಂಪ್‌ಹೌಸಿನ ಬಾಗಿಲಿಗೇ ಬಂದು ನಿಂತಳು. ಮಗುವನ್ನು ಕೆಳಗೆ ಬಿಟ್ಟ ಕೂಡಲೇ ಅದು ನನ್ನ ಕಡೆಗೆ ನಡೆದು ಬಂತು. ನಾನು ಹಿಂದೆ ಸರಿದು ಗೋಡೆಗೆ ಅಂಟಿಕೊಂಡೆ. ತಂಗಿ ಅದನ್ನು ನೋಡಿಬಿಟ್ಟಳು.

“ಅಣ್ಣ, ನಿಜ ಹೇಳು. ನಾನೇನ್ ತಪ್ ಮಾಡಿದೀನಿ?”

“ನೀನೇನ್ ಮಾಡಿದೀಯ, ಏನೂ ಇಲ್ಲ ಕಣಮ್ಮ.”

“ಮತ್ತೆ ಮಗೀನ ಕಂಡ್ರೆ ಯಾಕ್ ಹಿಂಗೆ ಹಿಂದುಕ್ಕೋಗ್ತೀಯ? ನಮ್ಮತ್ತೆ ಏನಂತಾರೆ ಗೊತ್ತಾ? ನಿಮ್ಮಣ್ಣಂಗೆ ಓಲೆ ಮಾಡ್ಸಕ್ಕೆ ಕೈ ಬತ್ತಿಲ್ಲ, ಅದ್ಕೇ ತೋಟ ಸೇರ್ಕಂಡವ್ನೆ ಅಂತಾರೆ. ಇಷ್ಟ್ ವರ್ಷ ಮಕ್ಳಿಲ್ಲ ಅಂತ ಅನ್ನಿಸ್ಕಂಡೆ. ಈಗ ಇದುನ್ನೂ ಅನ್ನಿಸ್ಕಬೇಕಾ?”

ಅವಳು ನನ್ನನ್ನು ಜಿಪುಣ ಎಂದುಕೊಂಡರೆ ತಡೆದುಕೊಳ್ಳುತ್ತಿದ್ದೆ. ತನ್ನ ಮಗು ನನಗೆ ಬೇಡವಾಗಿದೆ ಎಂದುಕೊಂಡಿದ್ದಳಲ್ಲ, ಅದನ್ನು ತಡೆಯಲಾಗಲಿಲ್ಲ. ಇನ್ನೂ ಸುಮ್ಮನಿದ್ದರೆ ಇರುವ ಒಬ್ಬ ತಂಗಿಯೂ ಹೋಗುತ್ತಾಳೆ ಎಂದು ಖಚಿತವಾಯಿತು. ಹೇಳಿಬಿಟ್ಟೆ. ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದೆ.

ಅವಳು ಹೊಸ್ತಿಲ ಮೇಲೆ ಕೂತಳು. ಮೊದಲು ಕೇಳಿದ್ದು, “ಅತ್ತಿಗೆಗೆ?”

“ಇಲ್ಲ.”

“ನೀನು ಉಳೀತೀಯಾ?”

“ಮಾತ್ರೆ ತಗಂಡ್ರೆ ಏನೂ ಆಗಲ್ವಂತೆ.”

“ಹಂಗಾದ್ರೆ ಇಷ್ಟ್ ದಿನ ಯಾಕ್ಲಾ ನನ್ ಹೊಟ್ಟೆ ಉರ್ಸ್ದೆ?” ಎಂದು ಕೂಗಿ, ಆಮೇಲೆ ಅಳತೊಡಗಿದಳು. ನನ್ನ ತಂಗಿ ನನ್ನನ್ನು ‘ಲಾ’ ಎಂದಿದ್ದು ಅದೊಂದೇ ಸಲ. ಅಳು ನಿಂತ ಮೇಲೆ ಮೂಗು ಒರೆಸಿಕೊಂಡು ಹೇಳಿದಳು, “ಮಗೀಗೆ ಏನಾರ ಆಗುತ್ತಾ ಅಂತ ನಂಗೂ ಭಯ ಅದೆ ಅಣ್ಣ, ಸುಳ್ಳ್ ಹೇಳಲ್ಲ. ಆದ್ರೆ ಅದುನ್ನ ನೀನ್ ತೀರ್ಮಾನ ಮಾಡ್ಬೇಡ. ತಿಳ್ದೋರು ಹೇಳ್ಲಿ. ಯಾವತ್ತು ಹೋಗ್ತೀಯ ಹೇಳು, ನಾನೂ ಬತ್ತೀನಿ.”

ಹೀಗೆ ಮುಂದಿನ ಸಲ ಮಾತ್ರೆ ತರಲು ನಾವು ನಾಲ್ವರು ಹೋದೆವು. ನಾನು, ಸುಧಾ, ಮಂಗಳಾ, ಅವಳ ಸೊಂಟದ ಮೇಲೆ ಪುಟ್ಟಿ. ಮೇಡಂ ನಮ್ಮನ್ನು ನೋಡಿ ಇನ್ನೊಂದು ಕುರ್ಚಿ ತರಿಸಿದರು. ಮಂಗಳಾ ನೇರವಾಗಿ ಕೇಳಿದಳು, ತೊಡೆ ಮೇಲೆ ಕೂರಿಸಬಹುದಾ ಎಂದು. ನಾನು ನಡುವೆ ಬಾಯಿ ಹಾಕಿ, ಅಣಬೆ ರೋಗದ ಮರ, ಟ್ರೆಂಚು, ಪಂಪ್‌ಹೌಸು ಎಲ್ಲ ವಿವರಿಸಿದೆ. ಮೇಡಂ ಮೊದಲು ಗಂಭೀರವಾಗಿ ಕೇಳಿಸಿಕೊಂಡರು. ಪಂಪ್‌ಹೌಸಿನ ಹೊತ್ತಿಗೆ ಅವರಿಗೆ ನಗು ತಡೆಯಲಾಗಲಿಲ್ಲ.

“ನಿಮ್ಮ ಮರದ ರೋಗ ಬೇರಿಂದ ಬೇರಿಗೆ ಹೋಗುತ್ತೆ ಸ್ವಾಮಿ. ನಿಮಗೆ ಬೇರಿದೆಯಾ?” ಎಂದರು. “ಇದು ಹೋಗೋ ದಾರಿ ಬೇರೆ. ಲೈಂಗಿಕ ಸಂಪರ್ಕ, ರಕ್ತ, ತಾಯಿಂದ ಮಗುವಿಗೆ, ಅಷ್ಟೇ. ಮುಟ್ಟಿದ್ರೆ, ಎತ್ತಿಕೊಂಡ್ರೆ, ಒಂದೇ ತಟ್ಟೇಲಿ ಉಂಡ್ರೆ ಯಾವತ್ತೂ ದಾಟಲ್ಲ. ನೀವು ಮಾತ್ರೆ ಶುರು ಮಾಡೋಕೆ ಮುಂಚೆನೂ ದಾಟ್ತಿರಲಿಲ್ಲ. ಈಗಂತೂ ನಿಮ್ಮ ರಕ್ತದಲ್ಲಿ ಹುಡುಕಿದ್ರೂ ಸಿಗದಷ್ಟು ಕಮ್ಮಿ ಆಗಿದೆ. ಹೋದ ಸಲವೇ ಹೇಳಿದ್ದೆನಲ್ಲ. ಮಾತ್ರೆ ಬಿಟ್ಟರೆ ಮತ್ತೆ ಏಳುತ್ತೆ, ಬಿಡಬೇಡಿ.” ಆಮೇಲೆ ಮಂಗಳಾ ಕಡೆ ತಿರುಗಿ, “ಸೂಜಿ ಹೊಸದು ತರಿಸಿ. ಅದು ನಿಮ್ಮಣ್ಣನ ದೆಸೆಯಿಂದ ಅಲ್ಲ, ಯಾವ ಮಗೂಗಾದ್ರೂ ಹಾಗೇ ಮಾಡಬೇಕು” ಎಂದರು.

“ನಾನ್ ಬೊಡ್ಕಂಡಿದ್ದೂ ಇದುನ್ನೇ” ಎಂದಳು ಸುಧಾ, ಯಾರ ಮುಖವನ್ನೂ ನೋಡದೆ.

ಹೊರಗೆ ಮಾತ್ರೆಯ ಸಾಲಿನಲ್ಲಿ ಚಂದ್ರು ನಿಂತಿದ್ದ. ಈ ಸಲ ಬಿ.ಪಿ.ಯ ಮಾತು ಬರಲಿಲ್ಲ, ಸುಮ್ಮನೆ ಇಬ್ಬರೂ ನಕ್ಕೆವು. ಮಂಗಳಾಗೆ ಬಾಟಲಿಗೆ ನೀರು ತುಂಬಿಸಿಕೊಳ್ಳಬೇಕಿತ್ತು. “ಒಂದ್ ಗಳಿಗೆ ಹಿಡ್ಕಳಿ ಅಣ್ಣ” ಎಂದು ಮಗುವನ್ನು ನೇರ ಚಂದ್ರುವಿನ ಕೈಗೆ ಕೊಟ್ಟು ಹೊರಟೇಬಿಟ್ಟಳು. ಅವನು ಬಿಸಿ ಪಾತ್ರೆ ಹಿಡಿದವನ ಹಾಗೆ ಕೈ ಚಾಚಿಕೊಂಡು ನಿಂತ. ಪುಟ್ಟಿ ಅವನ ಅಂಗಿಯ ಗುಂಡಿ ಹಿಡಿದು ಎಳೆಯತೊಡಗಿದ ಮೇಲೆ ಮೆಲ್ಲಗೆ ಎದೆಗೆ ಒರಗಿಸಿಕೊಂಡ. “ನಮ್ಮನೇಲಿ ಕೊಡ್ತಿರ್ಲಿಲ್ಲ ಕಣಣ್ಣ, ಅಣ್ಣನ ಮಕ್ಳನ್ನ” ಎಂದ. ಅವನ ಕಣ್ಣು ತುಂಬಿತ್ತು. ನನಗೆ ಅಯ್ಯೋ ಅನ್ನಿಸಬೇಕಿತ್ತು. ನಿಜ ಹೇಳುತ್ತೇನೆ, ಮೊದಲು ಅನ್ನಿಸಿದ್ದು ಹೊಟ್ಟೆಕಿಚ್ಚು. ಸೋದರಮಾವ ನಾನು, ನನಗಿಂತ ಮುಂಚೆ ಇವನಿಗೆ!

ವಾಪಸು ಬಸ್ಸಿನಲ್ಲಿ ನಾನೇ ಕೇಳಿ ಎತ್ತಿಕೊಂಡೆ. ಊರು ದಾಟುವ ಮುಂಚೆಯೇ ಅದು ನನ್ನ ಹೆಗಲ ಮೇಲೆ ಜೊಲ್ಲು ಸುರಿಸುತ್ತಾ ನಿದ್ದೆ ಹೋಯಿತು. ತೋಳು ಜೋಮು ಹಿಡಿದರೂ ನಾನು ಅಲುಗಾಡಲಿಲ್ಲ. ಮನೆಗೆ ಬಂದರೆ ಸುಧಾ ಕೈಕಾಲು ಕೂಡ ತೊಳೆಯದೆ ನೇರ ಪಂಪ್‌ಹೌಸಿಗೆ ಹೋಗಿ ಹಾಸಿಗೆ ಹೊತ್ತು ತಂದು ನಡುಮನೆಗೆ ಹಾಕಿದಳು. ಚೊಂಬನ್ನು ದನದ ಕೊಟ್ಟಿಗೆಗೆ ಕೊಟ್ಟಳು.

ಮಂಗಳಾ ತನ್ನ ಗಂಡನಿಗೆ ತಾನೇ ಹೇಳುತ್ತೇನೆ ಎಂದಿದ್ದಳು. ಎರಡು ದಿನ ಅವರ ಕಡೆಯಿಂದ ಸುದ್ದಿಯಿಲ್ಲ. ಆ ಎರಡು ದಿನ ನಾನು ಉಂಡ ಅನ್ನ ಮೈಗೆ ಹತ್ತಲಿಲ್ಲ. ಮೂರನೇ ದಿನ ಅವರೇ ಫೋನು ಮಾಡಿದರು. “ಭಾವ, ಸೋಮವಾರ ಬನ್ನಿ, ಓಲೆ ತಗಂಡು. ಮಿಕ್ಕಿದ್ದೆಲ್ಲ ಬುಡಿ” ಎಂದರು. ನಾನು ಹೂಂ ಎನ್ನುವ ಮುಂಚೆಯೇ ಸುಧಾ ಫೋನು ಕಿತ್ತುಕೊಂಡು ಬರುತ್ತೇವೆ ಎಂದಳು.

ಕೆಂಕೆರೆಯ ಅವರ ಜಗಲಿಯ ಮೇಲೆ ಚಾಪೆ ಹಾಸಿ ನನ್ನನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿದರು. ಹೊಸ ಬಟ್ಟೆಯ ಪುಟ್ಟಿಯನ್ನು ಮಂಗಳಾ ತಂದು ನನ್ನ ತೊಡೆಯ ಮೇಲೆ ಕೂರಿಸಿ, ಒಂದು ಗಳಿಗೆ ನನ್ನ ಹೆಗಲ ಮೇಲೆ ಕೈಯಿಟ್ಟು ತೆಗೆದಳು. ಅವಳ ಅತ್ತೆ ಓಲೆಯನ್ನು ಬೆಳಕಿಗೆ ಹಿಡಿದು ನೋಡಿ, “ಪರ್ವಾಗಿಲ್ಲ, ಗಟ್ಟಿಯಾಗೇ ಮಾಡ್ಸವ್ನೆ” ಎಂದರು. ಕಿವಿ ಚುಚ್ಚಲು ಬಂದಿದ್ದ ಅಕ್ಕಸಾಲಿ ಆಚಾರರು ಹೊಸ ಸೂಜಿಯ ಪೊಟ್ಟಣ ಎಲ್ಲರ ಮುಂದೆ ಒಡೆದರು. ಬಾಯಿಗೆ ಬೆಲ್ಲ ಇಟ್ಟಿದ್ದೇ ತಡ, ಚುಚ್ಚಿಯೇಬಿಟ್ಟರು. ಪುಟ್ಟಿ ಊರು ಒಂದಾಗುವ ಹಾಗೆ ಕಿರುಚಿತು. ಎರಡನೇ ಕಿವಿಗೆ ಅದು ಒದ್ದಾಡುವುದನ್ನು ನೋಡಿ ಆಚಾರರು, “ಬಿಗಿಯಾಗಿ ಹಿಡ್ಕಳಿ ಸ್ವಾಮಿ, ಬಿಡ್ಬೇಡಿ” ಎಂದರು. ವರ್ಷದ ಹತ್ತಿರ ಯಾರನ್ನೂ ಮುಟ್ಟದೆ ಇದ್ದವನಿಗೆ ಬಿಗಿಯಾಗಿ ಹಿಡಿ ಎಂದು ಇನ್ನೊಬ್ಬರು ಹೇಳುವುದು ಎಂಥ ಸುಖ ಎಂದು ನಾನು ಹೇಗೆ ಬರೆಯಲಿ. ಎರಡೂ ಕೈಯಲ್ಲಿ ಅಪ್ಪಿ ಹಿಡಿದೆ. ಮಗು ಅಳುತ್ತಿತ್ತು, ನಾನೂ ಅಳುತ್ತಿದ್ದೆ, ಮಂಗಳಾಳ ಅತ್ತೆ ಇದೆಂಥ ಗಂಡಸು ಎಂದು ನನ್ನನ್ನು ನೋಡಿ ನಗುತ್ತಿದ್ದರು.

ಇದಾಗಿ ತಿಂಗಳುಗಳಾದವು. ನಾನು ನಡುಮನೆಯಲ್ಲಿ ಉಣ್ಣುತ್ತೇನೆ, ಮಲಗುತ್ತೇನೆ, ಊಟವಾದ ಮೇಲೆ ಒಂದು ಮಾತ್ರೆ ನುಂಗುತ್ತೇನೆ. ವಿಷಯ ಗೊತ್ತಿರುವವರು ಯಾರೂ ನನ್ನಿಂದ ದೂರ ಸರಿದಿಲ್ಲ. ಗೊತ್ತಿಲ್ಲದವರಲ್ಲಿ ಸರಿಯುವವರು ಇರಬಹುದು, ಆ ದಿನ ಬಂದಾಗ ನೋಡಿಕೊಳ್ಳೋಣ. ಸದ್ಯಕ್ಕೆ ನನ್ನನ್ನು ಕಂಡರೆ ಹೆದರಿ ಓಡುವವಳು ಈ ಲೋಕದಲ್ಲಿ ಒಬ್ಬಳೇ. ನಾನು ಬಾಗಿಲಲ್ಲಿ ಕಾಣಿಸಿದರೆ ಸಾಕು, ಪುಟ್ಟಿ ಎರಡೂ ಕೈಯಲ್ಲಿ ಎರಡೂ ಕಿವಿ ಮುಚ್ಚಿಕೊಂಡು ಅಡುಗೆಮನೆಗೆ ಓಡುತ್ತಾಳೆ.